ಎಷ್ಟಾಯ್ತೋ ಕೂಗು?

12 ಜುಲೈ 2023, ಬುಧವಾರ, ರಾತ್ರಿ

ಊಟದ ಹೊತ್ತಿಗೆ ಮಗನ ಕಥೆ ಕೇಳಿ ಮನೆಯೆಲ್ಲ ನಕ್ಕಿದ್ದೇ ನಕ್ಕಿದ್ದು. ಈಗ ಎಲ್ಲರೂ ಮಲಗಿದ್ದಾರೆ. ನನಗೆ ನಿದ್ದೆ ಹತ್ತುತ್ತಿಲ್ಲ.

ಶಾಲೆಯಲ್ಲಿ ಯಾವುದಾದರೂ ಆವಿಷ್ಕಾರದ ಮೇಲೆ ನಗೆಕಥೆ ಬರೆದು ತನ್ನಿ ಅಂದಿದ್ದಾರೆ. ಇವನು ರಾಕೆಟ್ಟು, ರೋಬೋಟು ಎಲ್ಲ ಬಿಟ್ಟು ಕುಕ್ಕರ್ ಹಿಡಿದ. ಭಾನುವಾರ ಇಬ್ಬರೂ ಕೂತು ಓದಿದ್ದೆವು. 1679ರಲ್ಲಿ ಡೆನಿಸ್ ಪ್ಯಾಪಿನ್ ಅನ್ನುವ ಫ್ರೆಂಚಿನವನು ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘದವರಿಗೆ ಬಿಗಿ ಮುಚ್ಚಳದ ಪಾತ್ರೆ ತೋರಿಸಿದನಂತೆ. (ಹೆಸರು ಕೇಳಿದ್ದೇ ತಡ, 'ಪಾಪಿನಾ?' ಅಂತ ಇವನು ಉರುಳಾಡಿ ನಕ್ಕ.) ಆವಿಯನ್ನು ಒಳಗೇ ಕಟ್ಟಿಹಾಕಿದರೆ ನೀರಿನ ಬಿಸಿ 100 ಡಿಗ್ರಿ ದಾಟುತ್ತದೆ. ನಮ್ಮ ಈಗಿನ ಕುಕ್ಕರಿನಲ್ಲಿ 120ರ ಹತ್ತಿರ ಹೋಗುತ್ತದೆ. ಬೆಂಗಳೂರಿನ ಎತ್ತರಕ್ಕೆ ತೆರೆದ ಪಾತ್ರೆಯಲ್ಲಿ ನೀರು 97ಕ್ಕೇ ಕುದಿದುಬಿಡುತ್ತದೆ, ತೊಗರಿಬೇಳೆ ಸತಾಯಿಸುವುದು ಅದಕ್ಕೇ. ಪಾತ್ರೆ ಸಿಡಿಯದಿರಲಿ ಅಂತ ಪ್ಯಾಪಿನ್ ಮುಚ್ಚಳದ ತೂತಿಗೆ ಕವಾಟ ಇಟ್ಟು, ಮೇಲೆ ತೂಕ ಹೇರಿದ. ನಮ್ಮ ವೇಟಿನ ಮುತ್ತಜ್ಜ ಅದೇ.

1682ರ ಏಪ್ರಿಲ್ 12ರಂದು ಆ ಪಾತ್ರೆಗಳಲ್ಲೇ ಬೇಯಿಸಿ ರಾಯಲ್ ಸೊಸೈಟಿಯವರಿಗೆ ಊಟ ಬಡಿಸಿದರು. ಮೂಳೆ ಚೀಸಿನಷ್ಟು ಮೆತ್ತಗಿತ್ತು ಅಂತ ಆ ಊಟದಲ್ಲಿದ್ದ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮಗನ ಕಥೆ ಶುರುವಾಗುವುದು ಅಲ್ಲಿಂದ. ವಿಜ್ಞಾನಿಗಳು ಮೂಳೆ ಸಮೇತ ತಟ್ಟೆ ಖಾಲಿ ಮಾಡುತ್ತಾರೆ, ಲಂಡನ್ನಿನ ನಾಯಿಗಳೆಲ್ಲ ಬಾಗಿಲಲ್ಲಿ ಕೂತು ಅಳುತ್ತವೆ. ನಮ್ಮನೆಯವರು ನಗು ತಡೆಯಲಾರದೆ ಎದ್ದು ನೀರು ಕುಡಿದು ಬಂದರು.

ಕಥೆಯ ಎರಡನೇ ಭಾಗ ನಮ್ಮ ಮನೆ. ಅಜ್ಜಿ ನಡುಮನೆಯಲ್ಲಿ ಕೂತು ಹೂವು ಕಟ್ಟುತ್ತಾ 'ಎಷ್ಟಾಯ್ತೋ ಕೂಗು?' ಅನ್ನುತ್ತಾಳೆ. ಮೊಮ್ಮಗ ಚಿತ್ರ ಬಿಡಿಸುತ್ತಾ ನಮ್ಮದು ಎರಡು, ಪಕ್ಕದ ಮನೆಯದು ಒಂದು, ಕೂಡಿಸಿ 'ಮೂರು' ಅನ್ನುತ್ತಾನೆ. ಅಜ್ಜಿ ಒಲೆ ಆರಿಸುತ್ತಾಳೆ. ಹುಳಿಯಲ್ಲಿ ಬೇಳೆ ಕಾಳು ಕಾಳಾಗಿ ತೇಲುತ್ತದೆ. ಹೋದ ವಾರ ನಿಜವಾಗಿ ಆಗಿದ್ದೂ ಹೀಗೇ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಪಾತ್ರೆ ಒಳಗಿಡುವಾಗ ಸುಮ್ಮನೆ ಕೇಳಿದೆ, "ಅಜ್ಜಿ ತಾನೇ ಎಣಿಸಲ್ವೇನೋ?"

"ಅವಳಿಗೆ ಕುಕ್ಕರ್ ಕೇಳ್ಸಲ್ವಲ್ಲಮ್ಮ. ಸಂಕ್ರಾಂತಿಯಿಂದ. ನಿಂಗೆ ಹೇಳ್ಬೇಡ ಅಂದಿದ್ಳು."

ಆರು ತಿಂಗಳು. ಅಜ್ಜಿ ಮೊಮ್ಮಗನ ಆಟ ಅಂತ ನಾನು ದಿನಾ ಆಫೀಸಿನ ಫೋನು ಕಿವಿಗಿಟ್ಟುಕೊಂಡು ನೋಡಿ ನಗುತ್ತಿದ್ದೆ. ದೊಡ್ಡಮ್ಮನ ಜೊತೆ ಗಂಟೆಗಟ್ಟಲೆ ಮಾತಾಡುವವಳಿಗೆ ಕಿವಿ ಕೇಳುವುದಿಲ್ಲ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ವಯಸ್ಸಾದಾಗ ಮೊದಲು ಹೋಗುವುದು ಕೀರಲು ಸದ್ದುಗಳಂತೆ. ಕುಕ್ಕರಿನ ಕೂಗು, ಮಾತಿನಲ್ಲಿ ಸ, ಶ. ದಪ್ಪ ದನಿ ಉಳಿದಿರುತ್ತದೆ. ಮಾತು ಅರ್ಧ ಕೇಳಿಸುತ್ತದೆ, ಅರ್ಧ ಊಹೆ. ಈಚೆಗೆ ಅವಳು ಪ್ರತಿ ಮಾತಿಗೂ 'ಹೂಂ' ಅನ್ನುತ್ತಿದ್ದುದು ಈಗ ನೆನಪಾಗುತ್ತಿದೆ.

ಅಪ್ಪ ದೀಪಾವಳಿ ಬೋನಸ್ಸಿನಲ್ಲಿ ಕುಕ್ಕರ್ ತಂದ ದಿನ ನನಗೆ ಮಸುಕಾಗಿ ನೆನಪಿದೆ. ಅಲ್ಲಿಯವರೆಗೆ ಬೇಳೆ ಬೇಯುವ ತನಕ ಅಮ್ಮ ಒಲೆ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಉಕ್ಕುತ್ತದೆ, ತಳ ಹಿಡಿಯುತ್ತದೆ. ಕುಕ್ಕರ್ ಬಂದ ಮೇಲೆ ದೇವರ ಮನೆಯಿಂದ, ಬಟ್ಟೆ ಒಗೆಯುವ ಕಲ್ಲಿನಿಂದ, ಪಕ್ಕದವರ ಜಗಲಿಯಿಂದಲೂ ಕೂಗು ಎಣಿಸುತ್ತಿದ್ದಳು. ಪಾತ್ರೆ ಒಡೆಯದಿರಲಿ ಅಂತ ಇಟ್ಟ ತೂಕ ಅವಳಿಗೆ ಒಲೆಯ ಮುಂದಿನಿಂದ ಬಿಡುಗಡೆ ಕೊಟ್ಟಿತ್ತು. ಈಗ ಮತ್ತೆ...

ಮಗನ ಮಾತು ಕೇಳಿ ಒಳಗೆ ಹೋದಾಗ ಅಮ್ಮ ನಾಳೆಯ ಡಬ್ಬಿಗೆ ಕಡಲೆಕಾಳು ಬೇಯಲು ಇಟ್ಟು ಪಕ್ಕದಲ್ಲೇ ನಿಂತಿದ್ದಳು. ಅಂಗೈ ಕಟ್ಟೆಯ ಕಲ್ಲಿನ ಮೇಲೆ ಚಪ್ಪಟೆಯಾಗಿತ್ತು.

"ಹೇಳಿದ್ನಾ ಅವ್ನು?" ಅಂದಳು. ನಾನು ಏನೂ ಹೇಳಲಿಲ್ಲ. ನನ್ನ ಕೈ ಹಿಡಿದು ಕಲ್ಲಿನ ಮೇಲೆ ಒತ್ತಿದಳು. "ಇರು. ಈಗ ನೋಡು."

ಸಣ್ಣ ನಡುಕ ಅಂಗೈಗೆ ಹತ್ತಿತು, ಆಮೇಲೆ ವೇಟು ಎದ್ದು ಕೂಗಿತು. ಅವಳ ಮುಖ ನನ್ನ ಕಡೆಗಿತ್ತು, ಕುಕ್ಕರಿನ ಕಡೆಗಲ್ಲ. "ನಾಕು" ಅಂದಳು. ಸರಿಯಾಗಿತ್ತು.

ಶುಕ್ರವಾರ ರಜೆ ಹಾಕಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬರಲ್ಲ ಅಂತಾಳೆ. ದೊಡ್ಡಮ್ಮನ ಕಿವಿ ಮಿಷನ್ನು ಸದಾ ಕುಯ್ ಅಂತ ತಾನೇ ಕೂಗುತ್ತದಂತೆ, ಬೀರುವಿನಲ್ಲಿ ಬಿದ್ದಿದೆಯಂತೆ. ಈಗಿನವು ಹಾಗಿರಲಿಕ್ಕಿಲ್ಲ ಅಂದೆ. ಅದಕ್ಕೂ 'ಹೂಂ' ಅಂದಳು, ಆದರೆ ಕೇಳಿಸಿತೋ ಇಲ್ಲವೋ...