ಎದೆ ಹೊಡೆದುಕೊಳ್ಳುವ ಆ ಹತ್ತು ನಿಮಿಷ

ಪ್ಯಾನಿಕ್ ಅಟ್ಯಾಕ್ ಅಂದರೆ ಇದ್ದಕ್ಕಿದ್ದಂತೆ ನುಗ್ಗಿ ಬರುವ ವಿಪರೀತ ಭಯ. ಅದು ಆದವರಲ್ಲಿ ಬಹಳಷ್ಟು ಜನ ಮೊದಲು ಓಡುವುದು ಎಮರ್ಜೆನ್ಸಿಗೆ. ಓಡಲೇಬೇಕು. ಎದೆನೋವು, ಏದುಸಿರು, ಬೆವರು ಮೊದಲ ಸಲ ಬಂದಾಗ ಇಸಿಜಿ ತೆಗೆಸದೆ ಇದು ಬರೀ ಭಯ ಅನ್ನುವ ಹಕ್ಕು ಯಾರಿಗೂ ಇಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ನೋಡಬೇಕು. ಕಾಫಿ ಎಷ್ಟು, ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆ ಅಂತ ಕೇಳಬೇಕು. ತೊಡಕು ಶುರುವಾಗುವುದು ಎಲ್ಲ ರಿಪೋರ್ಟೂ ನಾರ್ಮಲ್ ಬಂದ ಮೇಲೆ. "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿಬಿಡುತ್ತಾರೆ. ಈ ಮಾತಿನಿಂದ ಆಗುವ ನಷ್ಟ ಸಣ್ಣದಲ್ಲ. ಆ ಹತ್ತು ನಿಮಿಷ ದೇಹದಲ್ಲಿ ಆದದ್ದೆಲ್ಲ ನಿಜ. ಅದನ್ನು ಬಿಡಿಸಿ ಹೇಳದಿದ್ದರೆ ಅವರು ಮತ್ತೊಂದು ಇಸಿಜಿಗೆ ಬಂದೇ ಬರುತ್ತಾರೆ.

ಒಂದು ಅಟ್ಯಾಕ್ ಹೇಗೆ ಏಳುತ್ತದೆ ನೋಡಿ. ರಾತ್ರಿ ನಿದ್ದೆಗೆಟ್ಟಿದೆ, ಬೆಳಿಗ್ಗೆ ಎರಡು ಲೋಟ ಕಾಫಿ ಆಗಿದೆ. ಲಿಫ್ಟ್ ಹತ್ತಿ ಬಾಗಿಲು ಮುಚ್ಚಿದಾಗ ಹೃದಯದ ಒಂದು ಬಡಿತ ತಪ್ಪಿದ ಹಾಗಾಗುತ್ತದೆ. ದೇಹದೊಳಗಿನ ಇಂಥ ಸುದ್ದಿಯನ್ನು ಗ್ರಹಿಸುವುದು ಮಿದುಳಿನ ಇನ್ಸುಲಾ. ಅಪಾಯವೋ ಅಲ್ಲವೋ ಎಂದು ತೂಗುವುದರಲ್ಲಿ ಮುಂದಿರುವುದು ಅಮಿಗ್ಡಲಾ. ಎಡಕ್ಕೊಂದು ಬಲಕ್ಕೊಂದು, ಬಾದಾಮಿಯಂಥ ಗಂಟು. ಹೊರಗಿನ ಸದ್ದು ಇದನ್ನು ಎರಡು ದಾರಿಯಲ್ಲಿ ಮುಟ್ಟುತ್ತದೆ ಎಂದು ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳಲ್ಲಿ ತೋರಿಸಿದರು. ಇಂದ್ರಿಯಗಳ ಸುದ್ದಿ ಹಂಚುವ ಥಲಾಮಸ್‌ನಿಂದ ನೇರ ಬರುವ ಸುದ್ದಿ ಬೇಗ ಬರುತ್ತದೆ, ಆದರೆ ಮಸುಕು. ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಸುತ್ತಿ ಬರುವುದು ತಡ, ಆದರೆ ಸ್ಪಷ್ಟ. ಕಾರಣ ತಿಳಿಯುವ ಮೊದಲೇ ದೇಹ ಬೆಚ್ಚುವುದು ಇದರಿಂದ.

ಅಲ್ಲಿಂದ ಹಾರ್ಮೋನುಗಳನ್ನು ನಿಯಂತ್ರಿಸುವ ಹೈಪೋಥಲಾಮಸ್‌ಗೆ, ಮಿದುಳಿನ ಕಾಂಡಕ್ಕೆ ಆಜ್ಞೆ ಹೋಗುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಸುರಿಸುತ್ತದೆ. ಅದೇ ಗ್ರಂಥಿಯ ಇನ್ನೊಂದು ಒತ್ತಡದ ಹಾರ್ಮೋನು ಕಾರ್ಟಿಸಾಲ್ ನಿಧಾನ, ಅದು ಏರಿ ನಿಲ್ಲಲು 20ರಿಂದ 30 ನಿಮಿಷ ಬೇಕು. ಅಟ್ಯಾಕ್ ಮುಗಿದ ಮೇಲೂ ಮೈ ಸುಸ್ತಾಗಿ, ಮನಸ್ಸು ಕದಡಿಕೊಂಡೇ ಇರುತ್ತದೆ.

ಆದರೆ ನಿಜವಾದ ಕಿತಾಪತಿ ಉಸಿರಿನದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ 35ರಿಂದ 45 ಮಿ.ಮೀ. ಪಾದರಸದಷ್ಟಿರಬೇಕು. ಬೇಗ ಬೇಗ ಉಸಿರಾಡಿದರೆ ಒಂದೆರಡು ನಿಮಿಷದಲ್ಲಿ ಅದು 30ಕ್ಕಿಂತ ಕೆಳಗಿಳಿಯಬಹುದು. ಆಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ. ರಕ್ತ ಕ್ಷಾರೀಯವಾಗಿ ಅದರಲ್ಲಿನ ಬಿಡಿ ಕ್ಯಾಲ್ಸಿಯಂ ತಗ್ಗುತ್ತದೆ. ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ. ಗಾಳಿ ಸಾಲದು ಎಂದು ಒದ್ದಾಡುತ್ತಿರುವವರ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಆಮ್ಲಜನಕ ಸಾಮಾನ್ಯವಾಗಿ ಶೇ. 98ರ ಆಸುಪಾಸು, ಅಂದರೆ ಸಾಕಷ್ಟು, ತೋರಿಸುತ್ತದೆ. ಕಾಗದದ ಚೀಲಕ್ಕೆ ಉಸಿರಾಡುವ ಹಳೆಯ ಉಪಾಯ ಮಾತ್ರ ಬೇಡ. ಇದ್ದದ್ದು ಅಸ್ತಮಾ ಅಥವಾ ಹೃದಯದ ತೊಂದರೆಯಾದರೆ ಆಮ್ಲಜನಕ ಇನ್ನೂ ಕುಸಿದು ಪ್ರಾಣಕ್ಕೇ ಕುತ್ತು.

ತಲೆಸುತ್ತು, ಜುಮ್ಮು, ಎದೆಬಡಿತ ಎಲ್ಲ ಸೇರಿ 'ಸತ್ತೇ ಹೋಗ್ತೀನಿ' ಅನಿಸುತ್ತದೆ. ಹಾಗನಿಸಿದ್ದಕ್ಕೆ ಮತ್ತಷ್ಟು ಅಡ್ರಿನಲಿನ್, ಮತ್ತಷ್ಟು ಬಡಿತ. ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ ವಿಷವರ್ತುಲ ಇದು. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಲಿಫ್ಟ್‌ನಿಂದ ಹೊರಗೆ ಜಿಗಿದವರಿಗೆ ಮಾತ್ರ ಜಿಗಿದದ್ದರಿಂದಲೇ ಬದುಕಿದೆ ಎಂಬ ಪಾಠ ಅಂಟಿಬಿಡುತ್ತದೆ. ನಾಳೆಯಿಂದ ಮೆಟ್ಟಿಲೇ ಗತಿ. ಆಮೇಲೆ ಜೇಬಿನಲ್ಲೊಂದು ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಬಾಗಿಲ ಪಕ್ಕದ ಸೀಟು.

ಅಮಿಗ್ಡಲಾ ಒಂದೇ ಎಲ್ಲಕ್ಕೂ ಹೊಣೆ ಅನ್ನುವುದನ್ನೂ ನಾವು ಒಪ್ಪಬೇಕಿಲ್ಲ. ಅಪರೂಪದ ಕಾಯಿಲೆಯಿಂದ ಎರಡೂ ಅಮಿಗ್ಡಲಾ ಹಾಳಾಗಿ, ಹಾವಿಗೂ ಹೆದರದ, ವೈದ್ಯಲೋಕದಲ್ಲಿ ಎಸ್.ಎಂ. ಎಂದು ಹೆಸರಾದ ಮಹಿಳೆಗೆ 35 ಶೇಕಡಾ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಉಸಿರಾಡಿಸಿದಾಗ ಜೋರು ಪ್ಯಾನಿಕ್ ಆಯಿತು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಉಸಿರುಕಟ್ಟುವ ಭಯಕ್ಕೆ ಮಿದುಳಿನಲ್ಲಿ ಬೇರೆ ಬಾಗಿಲೂ ಇದೆ.

ಚಿಕಿತ್ಸೆಯಲ್ಲಿ ಕೆಲಸದ ಭಾಗ ಬರುವುದು ಲಕ್ಷಣಗಳನ್ನು ಬೇಕೆಂದೇ ಬರಿಸುವಾಗ.

"ಒಂದು ನಿಮಿಷ ಜೋರಾಗಿ ಉಸಿರಾಡೋಣ. ನಾನೂ ಜೊತೆಗೆ ಮಾಡ್ತೀನಿ."

"ಬೇಡ ಡಾಕ್ಟ್ರೇ, ಏನಾದ್ರೂ ಆದ್ರೆ?"

"ಏನಾಗುತ್ತೆ ಅನ್ಸುತ್ತೆ, ಅದನ್ನೇ ಇಲ್ಲಿ ಬರೀರಿ."

'ಪ್ರಜ್ಞೆ ತಪ್ಪುತ್ತೆ, ಸಾಧ್ಯತೆ 80%' ಎಂದು ಬರೆಯುತ್ತಾರೆ. ಈ ಸಾಲು ಇಲ್ಲದೆ ಅಭ್ಯಾಸ ಶುರು ಮಾಡಬಾರದು. ಮಿದುಳು ಕಲಿಯುವುದು ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವೆ ಇರುವ ಅಂತರದಿಂದ. ಆಮೇಲೆ 60 ಸೆಕೆಂಡ್ ಜೋರು ಉಸಿರು. ತಿರುಗುವ ಕುರ್ಚಿಯಲ್ಲಿ 60 ಸೆಕೆಂಡ್ ಸುತ್ತು. ನಿಂತಲ್ಲೇ ಒಂದು ನಿಮಿಷ ಓಟ. ಮೂಗು ಹಿಡಿದು ಸಣ್ಣ ಸ್ಟ್ರಾದಲ್ಲಿ ಎರಡು ನಿಮಿಷ ಉಸಿರು. ಪ್ರತಿಯೊಂದಾದ ಮೇಲೂ ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ, ನಿಜವಾಗಿ ಏನಾಯಿತು ಎಂದು ಒಂದು ಸಾಲು. ಪ್ಯಾನಿಕ್‌ನಲ್ಲಿ ರಕ್ತದೊತ್ತಡ ಏರುತ್ತದೆ, ಪ್ರಜ್ಞೆ ತಪ್ಪಲು ಸಾಮಾನ್ಯವಾಗಿ ಅದು ಕುಸಿಯಬೇಕು. ರಕ್ತ, ಸೂಜಿ ಕಂಡರೆ ಬೀಳುವವರ ವಿಷಯ ಬೇರೆ. ಗರ್ಭಿಣಿಯರಿಗೆ, ಮೂರ್ಛೆರೋಗ, ಹೃದ್ರೋಗ, ಅಸ್ತಮಾ ಇರುವವರಿಗೆ ಇದನ್ನು ಹೀಗೆಯೇ ಮಾಡಿಸಬಾರದು.

ಇದು ಕೆಡುವುದೂ ಇಲ್ಲೇ. ಅರ್ಧಕ್ಕೆ ನಿಲ್ಲಿಸುವುದು ಒಂದು. 'ಏನೂ ಆಗಲ್ಲ' ಎಂದು ಚಿಕಿತ್ಸಕರೇ ಮುದ್ದು ಮಾಡುವುದು ಇನ್ನೊಂದು. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ ಎನ್ನುವ ನಿಧಾನದ ಉಸಿರು ದಿನನಿತ್ಯಕ್ಕೆ ಒಳ್ಳೆಯದೇ, ಆದರೆ ಅಭ್ಯಾಸದ ನಡುವೆ ಅದನ್ನು ಗುರಾಣಿ ಮಾಡಿಕೊಂಡರೆ ಅದೂ ಜೇಬಿನ ಮಾತ್ರೆಯಾಗುತ್ತದೆ. ಹಳೆಯ ಭಯದ ನೆನಪು ಅಳಿಯುವುದಿಲ್ಲ. ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಅದರ ಮೇಲೊಂದು ಹೊಸ ಕಲಿಕೆ ಕೂರಿಸಿ ಅಮಿಗ್ಡಲಾವನ್ನು ತಡೆಯುತ್ತದೆ, ಅಷ್ಟೆ. ಆ ಕಲಿಕೆ ಜಾಗಕ್ಕೆ ಅಂಟಿಕೊಂಡಿರುವುದರಿಂದ ಕ್ಲಿನಿಕ್ಕಿನಲ್ಲಿ ಗೆದ್ದರೆ ಸಾಲದು. ಬೇರೆ ಬೇರೆ ಲಿಫ್ಟ್, ಬೇರೆ ಬೇರೆ ಹೊತ್ತು, ಒಂಟಿಯಾಗಿಯೂ ಆಗಬೇಕು.

ಮಾತ್ರೆ ಬೇಕಾದವರಿಗೆ ಸಾಮಾನ್ಯವಾಗಿ ಮೊದಲ ಆಯ್ಕೆ ಮಿದುಳಿನ ಸಂದೇಶವಾಹಕ ಸೆರಟೋನಿನ್ ಮೇಲೆ ಕೆಲಸ ಮಾಡುವ ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್‌ಗಳಂಥವು. ಪ್ಯಾನಿಕ್ ಇರುವವರಿಗೆ ಸರ್ಟ್ರಾಲಿನ್ 25 ಮಿ.ಗ್ರಾಂ.ನಿಂದ ಶುರು ಮಾಡಿ ವಾರದ ಮೇಲೆ 50ಕ್ಕೆ ಏರಿಸುತ್ತಾರೆ, ಏಕೆಂದರೆ ಮೊದಲ ಒಂದೆರಡು ವಾರ ನಡುಕ, ಚಡಪಡಿಕೆ ಹೆಚ್ಚಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಗುಣ ಗೊತ್ತಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಲ್‌ಪ್ರಜೋಲಮ್, ಕ್ಲೋನಜೆಪಾಮ್‌ಗಳಂಥವು ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಗ್ರಾಹಕದ ಮೇಲೆ ಕೂತು ನರಕೋಶಕ್ಕೆ ಕ್ಲೋರೈಡ್ ಹೆಚ್ಚು ಒಳಬರುವಂತೆ ಮಾಡುತ್ತವೆ. ಗಂಟೆಯೊಳಗೆ ಹಾಯೆನಿಸುತ್ತದೆ, ವಾರಗಳಲ್ಲಿ ಅಭ್ಯಾಸವಾಗುತ್ತದೆ. ಅದನ್ನು ನುಂಗಿ ಲಿಫ್ಟ್ ಹತ್ತಿದರೆ ಗೆಲುವು ಮಾತ್ರೆಯ ಖಾತೆಗೆ ಹೋಗುತ್ತದೆ. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ ವೈದ್ಯರು ಹೇಳಿದ ಲೆಕ್ಕದಲ್ಲಿ ವಾರಗಟ್ಟಲೆ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಬೇಕು.