ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು?

ಅಮೆರಿಕ ಎಷ್ಟು ದೂರ ಅಂತ ಊರಲ್ಲಿ ಯಾರೂ ಕೇಳುವುದಿಲ್ಲ. "ಎಷ್ಟು ಗಂಟೆ ಆಗುತ್ತೆ?" ಅಂತ ಕೇಳುತ್ತಾರೆ. ದಾವಣಗೆರೆ ಕಡೆಯವರಾದ ನಮಗೆ ಬೆಂಗಳೂರೂ ಅಷ್ಟೆ, ಬಸ್ಸಿನ ಗಂಟೆಗಳ ಲೆಕ್ಕ. ನಾನೀಗ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕಡೆ, ಮುಂದೆ "ಇಲ್ಲಿ" ಅಂದರೆ ಅದೇ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆ ನೋಡಿದರೆ ಸೀದಾ ಪೂರ್ವಕ್ಕೆ ಹೋಗಬೇಕು ಅನ್ನಿಸುತ್ತದೆ. ಮಕ್ಕಳ ಗ್ಲೋಬ್ ಮೇಲೆ ದಾರ ಎಳೆದು ನೋಡಿ. ಅದು ಉತ್ತರಕ್ಕೆ ಹತ್ತಿ, ಸೈಬೀರಿಯಾದ ಮೇಲೆ ಆರ್ಕ್‌ಟಿಕ್ ವೃತ್ತವನ್ನೂ ದಾಟಿ, ಆಮೇಲೆ ಇಳಿಯುತ್ತದೆ. ವಿಮಾನ ಮಾತ್ರ ದಾರದ ಮಾತು ಕೇಳುವುದಿಲ್ಲ. ಗಾಳಿ ನೋಡಬೇಕು, ಯಾವ ದೇಶದ ಆಕಾಶ ತೆರೆದಿದೆ ಅಂತಲೂ ನೋಡಬೇಕು. 2022ರಿಂದ ಅಮೆರಿಕದ ಕಂಪನಿಗಳಿಗೆ ರಷ್ಯಾದ ಮೇಲೆ ಹಾರುವಂತಿಲ್ಲ.

ಇನ್ನು ಗಂಟೆ. ಮೇಲುಗಾಳಿ ಬೀಸುವುದು ಪಶ್ಚಿಮದಿಂದ ಪೂರ್ವಕ್ಕೆ. ಪೆಸಿಫಿಕ್ ಕಡೆಯಿಂದ ಇಲ್ಲಿಗೆ ಬರುವಾಗ ಅದು ಬೆನ್ನಿಗಿರುತ್ತದೆ, ನೇರ ವಿಮಾನಕ್ಕೆ 16 ಗಂಟೆ ಆಸುಪಾಸು ಸಾಕು. ಊರಿಗೆ ಹೋಗುವಾಗ 17 ದಾಟುತ್ತದೆ.

ಗಡಿಯಾರದ ಆಟ ಇನ್ನೂ ಮಜಾ. ಇಲ್ಲಿನ ಸಮಯ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡಕ್ಕೆ ದೇವನಹಳ್ಳಿ ಬಿಟ್ಟರೆ ಅದೇ ದಿನ ಸಂಜೆ ಐದೂವರೆಗೆ ಇಲ್ಲಿ! ಅಮ್ಮನಿಗೆ ಇದು ಇವತ್ತಿಗೂ ಅನುಮಾನ. "ಅದೇ ಸಂಜೆ ಮುಟ್ಟೋದಾದ್ರೆ ಕಾಲು ಯಾಕೋ ಊದುತ್ತೆ?" ಅಂತಾರೆ. ವಾಪಸ್ಸಿನಲ್ಲಿ ಎಲ್ಲಾ ಬಡ್ಡಿ ಸಮೇತ ವಸೂಲಿ. ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿ ತಂದರಲ್ಲ, ಅದು ಇಲ್ಲಿಂದ ಹೊರಟಿದ್ದು 2021ರ ಜನವರಿ 9, ಶನಿವಾರ ರಾತ್ರಿ. ಬೆಂಗಳೂರಲ್ಲಿ ಇಳಿದಿದ್ದು ಸೋಮವಾರ ಬೆಳಗಿನ ಜಾವ. ಭಾನುವಾರ ಆಕಾಶದಲ್ಲೇ ಖರ್ಚು.

ನೇರ ವಿಮಾನ ಇಲ್ಲದಿದ್ದರೆ ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ. ದುಬೈ ಮೇಲೆ ಬಂದರೆ ದೂರ ಕಡಿಮೆ, ಒಟ್ಟು 16,000 ಕಿ.ಮೀ. ಒಳಗೇ. ಆದರೆ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಸಮನೆ ಹದಿನಾರು. ಫ್ರಾಂಕ್‌ಫರ್ಟ್ ದಾರಿ ಸ್ವಲ್ಪ ಉದ್ದ. ಆದರೆ ಹತ್ತು, ಹನ್ನೊಂದು ಗಂಟೆಯ ಎರಡು ಪಾಲು, ನಡುವೆ ಎದ್ದು ಓಡಾಡಬಹುದು. ಮಂಡಿನೋವಿನ ಅಪ್ಪ ಅಮ್ಮನಿಗೆ ನಾನು ಇದನ್ನೇ ಬುಕ್ ಮಾಡುತ್ತೇನೆ, ಕಿಲೋಮೀಟರ್ ಜಾಸ್ತಿ ಆದರೂ ಚಿಂತೆಯಿಲ್ಲ. ನಡುವೆ ಮೂರು ನಾಲ್ಕು ಗಂಟೆ ಬಿಡುವು ಇರಲಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ದಾವಣಗೆರೆಯಿಂದ ಬರುವವರು ತುಮಕೂರು ದಾಟಿದ ಮೇಲೆ ದಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ನೆಲಮಂಗಲದ ಟ್ರಾಫಿಕ್ ಯಾವ ಗಂಟೆಯ ಲೆಕ್ಕಕ್ಕೂ ಸಿಗುವುದಿಲ್ಲ.