ಬೇಸ್ ಗಿಟಾರಿನ ಬೆರಳುರಿ: ಯಾವ ಜಾಗ, ಯಾವ ಹೊತ್ತು

ಗಣಪತಿ ಹಬ್ಬ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆರ್ಕೆಸ್ಟ್ರಾದವರಿಗೆ ಕೈ ಬಿಡುವಿಲ್ಲ. ಗಿಟಾರ್ ರಿಪೇರಿಯ ಮೇಜಿಗೆ ಆ ದಿನಗಳಲ್ಲಿ ವಾದ್ಯದ ಜೊತೆ ಬೆರಳುಗಳೂ ಬರುತ್ತವೆ. ‘ತಂತಿ ಸರಿ ಇಲ್ಲ ಮಾರಾಯ್ರೆ, ಬೇರೆ ಹಾಕಿಕೊಡಿ’ ಅನ್ನುವುದು ಮಾಮೂಲಿ ಮಾತು. ತಂತಿ ಬಿಚ್ಚುವ ಮುಂಚೆ ಕೇಳಬೇಕಾದ ಪ್ರಶ್ನೆ ಎರಡು: ಉರಿ ಯಾವ ಜಾಗದಲ್ಲಿ, ನುಡಿಸಿದ ಎಷ್ಟು ಹೊತ್ತಿಗೆ? ಇದನ್ನು ಕೇಳದೆ ತಂತಿ ಬದಲಿಸಿದರೆ ಒಂದು ತೊಂದರೆಗೆ ಮಾಡಿದ ಮದ್ದು ಇನ್ನೊಂದನ್ನು ಹೆಚ್ಚಿಸುವುದುಂಟು.

ಬಲಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ, ನುಡಿಸುತ್ತಿರುವಾಗಲೇ ಅಥವಾ ಅದೇ ರಾತ್ರಿ ಉರಿ ಎದ್ದರೆ ಅದು ಉಜ್ಜಿದ್ದರಿಂದ ಬಂದದ್ದು. ಒಂದೆರಡು ದಿನ ಬಿಟ್ಟು, ನೋವಿಗಿಂತ ನವೆ ಜಾಸ್ತಿಯಾಗಿ, ಸಣ್ಣ ಸಣ್ಣ ನೀರುಗುಳ್ಳೆ ಎದ್ದು ಚರ್ಮ ಕೆಂಪಗಾಗಿ ಸುಲಿಯತೊಡಗಿದರೆ ನಿಕ್ಕಲ್ ಅಲರ್ಜಿಯ ಅನುಮಾನ ಪಡಬೇಕು. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಅಂದರೆ ತಂತಿ ತಾಗದ ಜಾಗದಲ್ಲಿ ಶುರುವಾಗಿದ್ದರೆ ತಪ್ಪು ಗಿಟಾರಿನದಲ್ಲ. ತೇವದ್ದೋ, ಸೋಪಿನದ್ದೋ, ತೋಟದ ಕೆಲಸದ್ದೋ ಆಗಿರುತ್ತದೆ.

ಹೆಚ್ಚಿನವರದ್ದು ಮೊದಲನೆಯ ಬಗೆ. ಅದಕ್ಕೆ ಕಾರಣ ತಂತಿಗಿಂತ ಹೆಚ್ಚಾಗಿ ವೇದಿಕೆ. ಡ್ರಮ್ ಪಕ್ಕದಲ್ಲೇ ಇರುತ್ತದೆ, ಬೇಸ್ ಆಂಪ್ (ಸದ್ದು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ) ಹಿಂದೆಲ್ಲೋ ಮೊಣಕಾಲೆತ್ತರದಲ್ಲಿ ಗುಂಯ್‌ಗುಡುತ್ತಿರುತ್ತದೆ. ತನ್ನ ಸ್ವರ ತನಗೇ ಕೇಳಿಸದವನು ಬೆರಳಿನಿಂದ ಸದ್ದು ಹುಟ್ಟಿಸಲು ಹೋಗುತ್ತಾನೆ. ಎಲ್ಲೂ ಒತ್ತದೆ ಮೀಟಿದ ಇ ತಂತಿಯ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ತಗ್ಗಿನ ಸ್ವರ ಸ್ಪೀಕರಿನ ಮಗ್ಗುಲಲ್ಲಿ ನಿಂತವರಿಗೆ ಮೊದಲೇ ಸ್ಪಷ್ಟವಾಗುವುದಿಲ್ಲ. ಆಂಪನ್ನು ಕುರ್ಚಿಯ ಮೇಲಿಟ್ಟು ಕಿವಿಯ ಕಡೆ ವಾಲಿಸಿ, ಮಿಡ್ (ನಡುಮಟ್ಟದ ಸ್ವರಗಳ ನಾಬ್) ಸ್ವಲ್ಪ ಏರಿಸಿ, ವಾಲ್ಯೂಮ್ ಹೆಚ್ಚಿಸಿ. ಆಮೇಲೆ ಬೆರಳಿನ ಬಲವನ್ನು ಅರ್ಧಕ್ಕೆ ಇಳಿಸಿ ನುಡಿಸಿ. ಬೆರಳು ತಂತಿಯ ಕೆಳಗೆ 2–3 ಮಿಲಿಮೀಟರಿಗಿಂತ ಆಳಕ್ಕೆ ಇಳಿಯಬೇಕಿಲ್ಲ. ತಂತಿಯನ್ನು ಮೇಲಕ್ಕೆ ಕಿತ್ತು ಎಳೆಯದೆ, ದಾಟಿಸಿ ಪಕ್ಕದ ತಂತಿಯ ಮೇಲೆ ತಂಗುವಂತೆ ಮೀಟಿದರೆ ಚರ್ಮ ಸೀಳುವುದಿಲ್ಲ. ಬ್ರಿಡ್ಜ್ (ತಂತಿಯ ಬುಡ ಕೂರುವ ಲೋಹದ ಪಟ್ಟಿ) ಹತ್ತಿರ ತಂತಿ ಬಿರುಸು, ನೆಕ್ (ಎಡಗೈ ಹಿಡಿಯುವ ಉದ್ದನೆಯ ಮರ) ಕಡೆ ಸಡಿಲು. ಉರಿ ಇರುವ ದಿನ ಕೈಯನ್ನು ನಾಲ್ಕು ಬೆರಳಗಲ ನೆಕ್ ಕಡೆ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಎಡಗೈ ತುದಿ ನೋಯುತ್ತಿದ್ದರೆ ವಾದ್ಯವನ್ನೇ ಅಳೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ನೆಕ್‌ನ ಮರ ತೇವ ಹೀರಿ ಮುಂದಕ್ಕೆ ಬಾಗುವುದುಂಟು. ಆಗ ತಂತಿ ಎತ್ತರಕ್ಕೆ ಹೋಗಿ ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್. ಮೊದಲನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ಟಿನಲ್ಲಿ ಇ ತಂತಿಯನ್ನು ಒತ್ತಿ ಹಿಡಿದು, ಏಳು–ಎಂಟನೇ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದು ನೋಡಿ. ಸುಮಾರು 0.3 ಮಿಲಿಮೀಟರ್ ಇದ್ದರೆ ಸರಿ. ಅದಕ್ಕಿಂತ ಜಾಸ್ತಿಯಾದರೆ ಟ್ರಸ್ ರಾಡನ್ನು (ನೆಕ್ ಒಳಗೆ ಬಾಗು ತಿದ್ದುವ ಉಕ್ಕಿನ ಸರಳು) ಬಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಶ್ರುತಿ ಮಾಡಿ, ಮರ ಕೂರಲು ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಬಿಗಿ ಎನಿಸಿದರೆ ಅಲ್ಲಿಗೇ ನಿಲ್ಲಿಸಿ. ಮುರಿದ ರಾಡಿನ ರಿಪೇರಿ ಬೆರಳಿನ ಮದ್ದಿಗಿಂತ ಬಹಳ ದುಬಾರಿ. ಆಮೇಲೆ ಹನ್ನೆರಡನೇ ಫ್ರೆಟ್ಟಿನಲ್ಲಿ ಎತ್ತರ ಇ ತಂತಿಗೆ 2–2.5, ತೆಳುವಾದ ಜಿ ತಂತಿಗೆ 1.5–2 ಮಿಲಿಮೀಟರ್ ಬರುವಂತೆ ಬ್ರಿಡ್ಜಿನಲ್ಲಿ ತಂತಿಯನ್ನು ಹೊರುವ ಸ್ಯಾಡಲ್‌ನ ಸ್ಕ್ರೂ ಕೂರಿಸಿ. ಬೇಸಿಗೆಯಲ್ಲಿ ಇದರ ಉಲ್ಟಾ: ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಗೆ ಇಣುಕುತ್ತವೆ, ಕೈ ಜಾರಿಸಿದಾಗ ತೋರುಬೆರಳಿನ ಮಗ್ಗುಲನ್ನು ಗೀರುತ್ತವೆ. ಇದನ್ನು ಅಲರ್ಜಿ ಅಂದುಕೊಂಡು ಮುಲಾಮು ಹಚ್ಚುವವರಿದ್ದಾರೆ. ನುಣುಪಾದ ಅರದಿಂದ ತುದಿ ಮೊಂಡು ಮಾಡಿದರೆ ಮುಗಿಯಿತು.

ತಂತಿಯ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 45–105 ದಪ್ಪದ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ), ನಿಕ್ಕಲ್ ಲೇಪಿಸಿದ ರೌಂಡ್‌ವೌಂಡ್. ಒಳಗಿನ ತಂತಿಗೆ ಸುತ್ತಿರುವುದು ದುಂಡಗಿನ ಸರಿಗೆ; ಅದರ ಏಣುಗಳೇ ಅರದ ಹಾಗೆ ಉಜ್ಜುವುದು. 40–95 ಸೆಟ್ ಹಾಕಿದರೆ ಬಿಗಿತ ಕಡಿಮೆ, ಉಜ್ಜುವುದು ಮಾತ್ರ ಹಾಗೇ ಇರುತ್ತದೆ. ಉಜ್ಜುವಿಕೆ ತಪ್ಪಬೇಕಾದರೆ ಫ್ಲಾಟ್‌ವೌಂಡ್ ಬೇಕು, ಸರಿಗೆಯ ಬದಲು ಚಪ್ಪಟೆ ಪಟ್ಟಿ ಸುತ್ತಿದ್ದು. ಸದ್ದು ದುಂಡಗೆ, ಸ್ವಲ್ಪ ಮಂಕಾಗಿ ಬರುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೌಂಡ್ ಮೇಲೆ ಬಲಗೈಯ ಒಂದೇ ಬೆರಳಲ್ಲಿ ನುಡಿಸುತ್ತಿದ್ದವರು. ಹಳೆಯ ಚಿತ್ರಗೀತೆ ನುಡಿಸುವ ನಮ್ಮ ಆರ್ಕೆಸ್ಟ್ರಾಗಳಿಗೆ ಆ ಸದ್ದು ಎಲ್ಲ ರೀತಿಯಲ್ಲೂ ಸಾಕು. ಸ್ಲ್ಯಾಪ್ ಮಾಡುವವರಿಗೆ, ಅಂದರೆ ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸುವವರಿಗೆ, ಮಾತ್ರ ರುಚಿಸದು.

ಇಲ್ಲೇ ಎಡವಟ್ಟಾಗುವುದು. ನಿಕ್ಕಲ್ ಆಗದವರಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಎಂಬ ಸಲಹೆ ಸರಿಯೇ. ಪಿಕಪ್ (ತಂತಿಯ ಕಂಪನವನ್ನು ಆಂಪ್‌ಗೆ ಮುಟ್ಟಿಸುವ ಆಯಸ್ಕಾಂತದ ಭಾಗ) ಕೆಲಸ ಮಾಡಲು ತಂತಿಗೆ ಆಯಸ್ಕಾಂತಕ್ಕೆ ಸ್ಪಂದಿಸುವ ಸ್ಟೀಲೇ ಬೇಕು, ಅಂಥ ಸ್ಟೇನ್‌ಲೆಸ್‌ನಲ್ಲಿ ನಿಕ್ಕಲ್ ತೀರಾ ಕಡಿಮೆ. ಆದರೆ ಸ್ಟೀಲ್ ರೌಂಡ್‌ವೌಂಡ್ ನಿಕ್ಕಲ್‌ಗಿಂತ ಒರಟು. ಉಜ್ಜಿ ಬೊಬ್ಬೆ ಬಂದವನಿಗೆ ಅಲರ್ಜಿ ಎಂದು ತಿಳಿದು ಅದನ್ನು ಹಾಕಿಕೊಟ್ಟರೆ ಮರುವಾರ ಇನ್ನೂ ದೊಡ್ಡ ಬೊಬ್ಬೆ. ಎರಡೂ ಇರುವವರಿಗೆ ಸ್ಟೀಲ್ ಫ್ಲಾಟ್‌ವೌಂಡ್ ಇಲ್ಲವೇ ಕಪ್ಪು ನೈಲಾನ್ ಪಟ್ಟಿ ಸುತ್ತಿದ ತಂತಿ ಒಳ್ಳೆಯದು. ನೈಲಾನಿನದು ದಪ್ಪ, ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ಕೂರದಿದ್ದರೆ ಸೀಳನ್ನು ಅಗಲಿಸಬೇಕು. ಪ್ಲಾಸ್ಟಿಕ್ ಲೇಪದ ತಂತಿಗಳೂ ಇವೆ, ಆದರೆ ಮೀಟುವ ಜಾಗದಲ್ಲೇ ಲೇಪ ಮೊದಲು ಸವೆಯುವುದು.

ನಿಕ್ಕಲ್ ಅನುಮಾನವಿದ್ದರೆ ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ: ವಾಚಿನ ಬಕಲ್, ಜೀನ್ಸ್ ಗುಂಡಿ, ರೋಲ್ಡ್‌ಗೋಲ್ಡ್ ಓಲೆ ತಾಗಿದಲ್ಲಿ ಕಡಿಯುತ್ತದೆಯೇ? ಖಚಿತವಾಗುವುದು ಪ್ಯಾಚ್ ಟೆಸ್ಟಿನಿಂದ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಚರ್ಮದ ಡಾಕ್ಟರನ್ನು ಕೇಳಿ. ಬೆವರಿನ ಉಪ್ಪು ನಿಕ್ಕಲನ್ನು ಕರಗಿಸಿ ಚರ್ಮಕ್ಕೆ ಇಳಿಸುವುದರಿಂದ ಸೆಕೆಯ ದಿನ ತೊಂದರೆ ಹೆಚ್ಚು. ತಂತಿ ಬದಲಿಸಿದರೂ ನವೆ ನಿಲ್ಲದಿದ್ದರೆ ಹೆಬ್ಬೆರಳು ಊರುವ ಜಾಗ, ಬ್ರಿಡ್ಜ್, ನಾಬ್‌ಗಳನ್ನು ನೋಡಿ. ಸಾಮಾನ್ಯ ಫ್ರೆಟ್ ಸರಿಗೆಗೆ ನಿಕ್ಕಲ್ ಸಿಲ್ವರ್ ಎಂದು ಹೆಸರು. ಬೆಳ್ಳಿ ಅದರಲ್ಲಿಲ್ಲ, ತಾಮ್ರ, ಸತು ಮತ್ತು ಸುಮಾರು ಶೇ 18 ನಿಕ್ಕಲ್.

ಮೂರನೇ ಬಗೆ ನಮ್ಮ ಕಡೆಯದ್ದೇ. ಮಳೆಗಾಲದಲ್ಲಿ ಹಗಲು ತೋಟಕ್ಕೆ ಕೊಳೆರೋಗದ ಮದ್ದು ಹೊಡೆದು ರಾತ್ರಿ ಪ್ರಾಕ್ಟೀಸಿಗೆ ಬರುವವರು ಅನೇಕರು. ಆ ಮದ್ದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ; ಅದರ ಸುಣ್ಣದ ತಿಳಿ ಚರ್ಮದ ಜಿಡ್ಡನ್ನೆಲ್ಲ ತೆಗೆದು ಬಿರಿಯುವಂತೆ ಮಾಡುತ್ತದೆ. ಅಡಿಕೆ ಸುಲಿಯುವಾಗಿನ ಚೊಗರೂ ಚರ್ಮವನ್ನು ಒಣಗಿಸುತ್ತದೆ. ಬಿರಿದ ಬೆರಳಿಗೆ ತಂತಿ ತಾಗಿದರೆ ಉರಿಯದೆ ಇನ್ನೇನು? ಮದ್ದು ಕಲಸುವಾಗ ಗ್ಲೋವ್ಸ್ ಹಾಕಿ, ರಾತ್ರಿ ಮಲಗುವಾಗ ಮುರುಗಲು ತುಪ್ಪವನ್ನೋ ವ್ಯಾಸಲೀನನ್ನೋ ತೆಳ್ಳಗೆ ಹಚ್ಚಿ. ನುಡಿಸುವ ಮುಂಚೆ ಬೇಡ: ಚರ್ಮ ಮೆತ್ತಗಾಗುತ್ತದೆ, ತಂತಿಯ ಸಂದಿಗೆ ಜಿಡ್ಡು ಇಳಿದು ಸದ್ದು ಸಾಯುತ್ತದೆ. ಸ್ನಾನವಾದ ಮೇಲೆ, ಪಾತ್ರೆ ತೊಳೆದ ಮೇಲೆ ಅರ್ಧ ಗಂಟೆ ಕಾದು ಗಿಟಾರ್ ಹಿಡಿಯಿರಿ. ನೆನೆದ ಚರ್ಮ ಬೇಗ ಜಾರಿ ಬೊಬ್ಬೆ ಏಳುತ್ತದೆ.

ಬೆರಳ ತುದಿಯ ಚರ್ಮ ಗಟ್ಟಿಯಾಗಿ ಜಡ್ಡು ಕಟ್ಟಲು ದಿನಕ್ಕೆ 20 ನಿಮಿಷದಂತೆ ಮೂರ್ನಾಲ್ಕು ವಾರ ಬೇಕು. ಭಾನುವಾರ ಒಂದೇ ಸಮನೆ ಮೂರು ಗಂಟೆ ನುಡಿಸಿದರೆ ಜಡ್ಡಾಗುವುದಿಲ್ಲ, ಬೊಬ್ಬೆಯಾಗುತ್ತದೆ. ಎದ್ದ ಬೊಬ್ಬೆಯನ್ನು ಒಡೆಯದಿರುವುದೇ ಮೇಲು. ತೀರಾ ಬಿಗಿದು ನೋಯುತ್ತಿದ್ದರೆ ಸೋಪಿನಲ್ಲಿ ಕೈ ತೊಳೆದು, ಮೆಡಿಕಲ್ ಶಾಪಿನ ಹೊಸ ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಡಿ. ಮೇಲಿನ ಸಿಪ್ಪೆ ಕೀಳಬೇಡಿ, ಅದೇ ಒಳಚರ್ಮದ ಹೊದಿಕೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಡಾಕ್ಟರ ಕೈಯಲ್ಲೇ ಮಾಡಿಸಿ. ಅಂದೇ ಕಾರ್ಯಕ್ರಮವಿದ್ದರೆ 1 ಮಿಲಿಮೀಟರ್ ಪಿಕ್ ಹಿಡಿಯಿರಿ, ಅಥವಾ ಅಂಗೈ ಅಂಚನ್ನು ಬ್ರಿಡ್ಜಿಗೆ ಊರಿ ಹೆಬ್ಬೆರಳಲ್ಲಿ ಮೀಟಿ. ಮೈಕ್ರೋಪೋರ್ ಟೇಪ್ ಒಂದೇ ಸುತ್ತು ಸುತ್ತಬಹುದು, ಎರಡನೇ ಸುತ್ತಿಗೆ ತಂತಿಯ ಹಿಡಿತವೇ ತಪ್ಪುತ್ತದೆ. ಫೆವಿಕ್ವಿಕ್ ಹಚ್ಚಿಕೊಳ್ಳುವ ಚಾಳಿ ಕೆಲವರಲ್ಲಿದೆ. ತೆರೆದ ಗಾಯಕ್ಕೆ ಅದು ಬೇಡವೇ ಬೇಡ. ಮೇಲೆ ಹತ್ತಿ ಇಟ್ಟರಂತೂ ಅಂಟು ಹತ್ತಿಯೊಂದಿಗೆ ಸೇರಿ ಚರ್ಮ ಸುಡುವಷ್ಟು ಕಾಯುತ್ತದೆ.

ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಪ್ರತಿ ತಂತಿಯನ್ನೂ ಕೆಳಗಿನಿಂದ ಸೇರಿಸಿ ಒರೆಸಿ. ಬೆವರು ಮತ್ತು ಮಳೆಗಾಲದ ತೇವ ಸೇರಿ ಹಿಡಿದ ತುಕ್ಕು ಬೆರಳಿಗೆ ಮರಳು ಕಾಗದ. ಉಕ್ಕಿನ ನಾರಿನಿಂದ ತಿಕ್ಕಿದರೆ ಲೇಪ ಕಿತ್ತು ಇನ್ನೂ ಬೇಗ ತುಕ್ಕು ಹಿಡಿಯುತ್ತದೆ, ಅಂಥ ತಂತಿ ಬದಲಿಸುವುದೇ ಸರಿ. ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿಡಬೇಡಿ, ಅದು ಅಡಿಕೆಗೆ ಸರಿ, ನೆಕ್‌ಗೆ ಅಲ್ಲ.

ಕೊನೆಗೆ ಮೆಡಿಕಲ್ ಶಾಪಿನ ಟ್ಯೂಬ್. ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಹುಳುಕಡ್ಡಿ ಮದ್ದು ಮೂರನ್ನೂ ಬೆರೆಸಿದ ಕ್ರೀಮುಗಳು ನವೆಯನ್ನು ಎರಡೇ ದಿನಕ್ಕೆ ನಿಲ್ಲಿಸಬಹುದು. ವಾರಗಟ್ಟಲೆ ಹಚ್ಚಿದರೆ ಸ್ಟಿರಾಯ್ಡ್ ಚರ್ಮವನ್ನು ತೆಳ್ಳಗಾಗಿಸುತ್ತದೆ, ತೆಳುವಾದ ತುದಿಗೆ ಜಡ್ಡು ಕಟ್ಟುವುದಿಲ್ಲ. ಇರುವುದು ಹುಳುಕಡ್ಡಿಯಾದರೆ ಅದು ಒಳಗೊಳಗೇ ಹಬ್ಬುತ್ತದೆ. ಡಾಕ್ಟರ್ ಬರೆದುಕೊಟ್ಟಷ್ಟು ದಿನ ಮಾತ್ರ ಹಚ್ಚಿ. ಬೆರಳು ಬಿಸಿಯಾಗಿ ಊದಿಕೊಂಡರೆ, ಕೀವು ಕಂಡರೆ, ಕೆಂಪು ಗೆರೆ ಕೈಯ ಮೇಲಕ್ಕೆ ಏರುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಾತ್ರಿಯ ಕಾರ್ಯಕ್ರಮಕ್ಕೆ ಬೇರೆಯವರನ್ನು ಕರೆಸಿ.